ಕಡೆಯುವ ಯಂತ್ರ

ಮೊದಲು ವಂದನೆ. ಕೇಳುವುದಕ್ಕೆ ಕಿವಿಯನ್ನೂ ಕೇಳಿದ್ದನ್ನು ಕಾಪಿಡುವುದಕ್ಕೆ ಮನಸ್ಸನ್ನೂ ಕರುಣಿಸಿದ ಭಗವಂತನಿಗೆ ವಂದನೆ. ಕಬ್ಬಿಣದೊಳಗೆ ಅಡಗಿರುವ ಆಕಾರವನ್ನು ಹೊರಗೆ ತರುವ ವಿದ್ಯೆಯನ್ನು ಮನುಷ್ಯನ ಕೈಗೆ ಇಳಿಸಿದ ದೇವಶಿಲ್ಪಿಗೆ ವಂದನೆ. ಒಂದು ಸ್ವರ ಜಾರಿದರೂ ಇಡೀ ಅನುವಾಕವನ್ನು ಮೊದಲಿನಿಂದ ಹೇಳಿಸುತ್ತಿದ್ದ ನನ್ನ ವೇದಪಾಠಶಾಲೆಯ ಗುರುಗಳಿಗೆ ವಂದನೆ. ಅವರು ತಿದ್ದಿದ ಈ ಕಿವಿ ಮುಂದೊಂದು ದಿನ ಬಾಲಾನಗರದ ತಗಡಿನ ಶೆಡ್ಡೊಂದರಲ್ಲಿ ಉಪಯೋಗಕ್ಕೆ ಬಂದೀತೆಂದು ಅವರು ಎಣಿಸಿರಲಾರರು, ನಾನಂತೂ ಎಣಿಸಿರಲಿಲ್ಲ. ಪಡೆದದ್ದು ಯಾವಾಗ, ಯಾರಿಗಾಗಿ ಎಂಬುದು ಪಡೆದವನಿಗೆ ತಿಳಿಯುವುದು ಬಹಳ ತಡವಾಗಿ.

ತೆಲುಗು ಸೀಮೆಯ ಮಹಾನಗರದ ಅಂಚಿನಲ್ಲಿ, ನಾವಿದ್ದ ಮಣಿಕೊಂಡದ ಬಂಡೆಗಳನ್ನು ಒಂದೊಂದಾಗಿ ಸಿಡಿಸಿ ಅವುಗಳ ಜಾಗದಲ್ಲಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲವದು. ಕಂಪ್ಯೂಟರ್ ಕಂಪನಿಗಳು ಬಂದವು. ಅವುಗಳ ಬೆನ್ನಿಗೇ ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ತರುಣ ತರುಣಿಯರು ಬಂದರು. ನಿವೃತ್ತರೇ ತುಂಬಿದ್ದ ನಮ್ಮ ಸಣ್ಣ ಕನ್ನಡ ಸಂಘಕ್ಕೆ ಜೀವಕಳೆ ಬಂದದ್ದು ಹಾಗೆ. ಸದಸ್ಯರೊಬ್ಬರು ಎರಡು ಬಂಡೆಗಳ ನಡುವೆ ಉಳಿದಿದ್ದ ತಮ್ಮ ನಿವೇಶನವನ್ನು ಸಂಘದ ಬಳಕೆಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಹಿಂದುಗಡೆ ಒಂದು ಅಡುಗೆಮನೆ, ಮುಂದುಗಡೆ ಒಂದು ತಗಡಿನ ಶೆಡ್ಡು. ಅಡುಗೆಮನೆ ಹಬ್ಬದ ಊಟಗಳಿಗೆ, ಶೆಡ್ಡು ದುರಸ್ತಿಗೆ. ಭಾನುವಾರ ಬೆಳಗ್ಗೆ ಯಾರು ಬೇಕಾದರೂ ಕೆಟ್ಟ ವಸ್ತುವನ್ನು ಅಲ್ಲಿಗೆ ತರಬಹುದು, ಇರುವ ಸಲಕರಣೆಗಳಿಂದ ತಾವೇ ಸರಿಪಡಿಸಿಕೊಳ್ಳಬಹುದು, ಬಾರದಿದ್ದರೆ ಬಲ್ಲವರನ್ನು ಕೇಳಿ ಕಲಿಯಬಹುದು.

ಬಲ್ಲವರೆಂದರೆ ಮುಖ್ಯವಾಗಿ ಒಬ್ಬರೇ. ಗದಗಿನ ಕಡೆಯಿಂದ ಎಳೆಯ ಪ್ರಾಯದಲ್ಲಿ ಬಂದು, ಅದೇ ನಗರದ ಕಾರ್ಖಾನೆಗಳ ಬಡಾವಣೆ ಬಾಲಾನಗರದ ಶೆಡ್ಡುಗಳಲ್ಲಿ ಲೇತಿನ ಮುಂದೆ ಆಯುಷ್ಯ ಸವೆಸಿದವರು. ಲೇತ್ ಎಂದರೆ ಲೋಹವನ್ನೋ ಮರವನ್ನೋ ಹಿಡಿದು ಗಿರಗಿರನೆ ತಿರುಗಿಸುವ, ಹಾಗೆ ತಿರುಗುವಾಗ ಉಳಿಯನ್ನು ಒತ್ತಿ ಅದನ್ನು ಉರುಟಾಗಿ ರೂಪಿಸುವ ಯಂತ್ರ. ಅವರನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದರು. ಶೆಡ್ಡಿನ ಬೀಗದ ಕೈ ಅವರ ಬನಿಯನ್ನಿನ ಜೇಬಿನಲ್ಲಿರುತ್ತಿತ್ತು. ಭಾನುವಾರ ನಾವು ಎಷ್ಟು ಬೇಗ ಹೋದರೂ ಬಾಗಿಲು ತೆರೆದಿರುತ್ತಿತ್ತು, ನೆಲ ಗುಡಿಸಿರುತ್ತಿತ್ತು, ಲೇತಿನ ಮೇಲೊಂದು ದಾಸವಾಳದ ಹೂವಿರುತ್ತಿತ್ತು.

ನನಗೆ ಅಲ್ಲಿ ಕೆಲಸವೇನೆಂದರೆ ಬರವಣಿಗೆ. ಕನ್ನಡ ಶಾಲೆಯ ಪಂಡಿತನಾಗಿ ಈ ಊರಿಗೆ ಬಂದು ನಿವೃತ್ತನಾದವನು ನಾನು. ಮೊಳೆ ಹೊಡೆಯಲು ಹೋದರೆ ಹೆಬ್ಬೆರಳಿಗೆ ಹೊಡೆದುಕೊಳ್ಳುವವನು. ಸಂಘದ ನಡಾವಳಿ, ಪ್ರಕಟಣೆ, ಗೋಡೆಯ ಮೇಲಿನ ಸೂಚನೆ, ಇವೆಲ್ಲ ನನ್ನವು. ಲೇತಿನ ಎದುರಿಗೆ ತೂಗುಹಾಕಿದ್ದ ಹಲಗೆಯೂ ನನ್ನದೇ. ಅದರ ಮೇಲೆ ಬಿಳಿಯ ಬಣ್ಣದಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದೆ: ‘ಇಂದ್ರಿಯಪಾಟವವಿಲ್ಲದವರು ಯಂತ್ರವನ್ನು ಚಾಲಿಸತಕ್ಕದ್ದಲ್ಲ.’ ಕಣ್ಣು, ಕಿವಿ, ಕೈ ಚುರುಕಾಗಿಲ್ಲದವರು ಯಂತ್ರ ನಡೆಸಬಾರದೆಂದು ಅರ್ಥ. ಆ ಸಮಾಸದ ವಿಷಯದಲ್ಲಿ ನನಗೆ ತುಸು ಹೆಮ್ಮೆಯೂ ಇತ್ತು.

ಯಾರೋ ದಾನವಾಗಿ ಕೊಟ್ಟಿದ್ದ ಹಳೆಯ ಲೇತ್ ಒಂದು ಭಾನುವಾರ ಕಿರ್ರೆಂದು ನಿಂತದ್ದು ಮತ್ತೆ ತಿರುಗಲಿಲ್ಲ. ಉಸ್ತಾದರು ಅದರ ಹೊಟ್ಟೆ ಬಿಚ್ಚಿ ನೋಡಿ, ಮುಚ್ಚಿ, ಮೇಲೊಂದು ಬಟ್ಟೆ ಹೊದಿಸಿದರು. ಅಷ್ಟರಲ್ಲೇ ನಮಗೆಲ್ಲ ಅರ್ಥವಾಯಿತು. ಸಂಘದ ಬಳಿ ಒಂದು ಯಂತ್ರಕ್ಕೆ ಸಾಕಾಗುವಷ್ಟು ನಿಧಿ ಕೂಡಿತ್ತು. ಒಂದೇ ಒಂದಕ್ಕೆ, ಅದೂ ಬಿಗಿ ಹಿಡಿದರೆ. ತಪ್ಪಿ ಕೆಟ್ಟ ಯಂತ್ರ ಬಂದರೆ ಇನ್ನೆರಡು ಮೂರು ವರ್ಷ ಶೆಡ್ಡು ಮುಚ್ಚಿದಂತೆಯೇ. ಅಡುಗೆಮನೆಗೂ ಕೆಲವು ಪಾತ್ರೆಗಳು ಬೇಕಿದ್ದುದರಿಂದ ಎರಡಕ್ಕೂ ಸೇರಿಸಿ ಒಂದೇ ಪಟ್ಟಿ ಮಾಡಲು ನನಗೆ ಹೇಳಿದರು.

ಪಟ್ಟಿಯಲ್ಲಿ ನಾನು ಲೇತ್ ಎಂದು ಬರೆಯಲಿಲ್ಲ. ಕನ್ನಡದಲ್ಲಿ ಅದಕ್ಕೆ ಎಷ್ಟು ಚೆಲುವಾದ ಕ್ರಿಯಾಪದವಿದೆ! ಕಂಬವನ್ನು ಕಡೆಯುತ್ತಾರೆ, ಬೊಂಬೆಯನ್ನು ಕಡೆಯುತ್ತಾರೆ. ಹಾಗಾಗಿ ‘ಕಡೆಯುವ ಯಂತ್ರ, ಒಂದು’ ಎಂದು ಬರೆದು, ದೋಸೆಕಾವಲಿ, ಕೊಳದಪ್ಪಲೆಗಳ ನಡುವೆ ಸೇರಿಸಿ ಕೊಟ್ಟುಬಿಟ್ಟೆ.

ದರ ವಿಚಾರಿಸುವ ಕೆಲಸವನ್ನು ವಹಿಸಿಕೊಂಡವಳು ಕುಂದಾಪುರದ ಕಡೆಯ ಒಬ್ಬ ತರುಣಿ. ಕಂಪ್ಯೂಟರ್ ಕಂಪನಿಯೊಂದರಲ್ಲಿ ಇಂಜಿನಿಯರು. ವಾರವೆಲ್ಲ ಪರದೆಯ ಮುಂದೆ ಕೂತು ಭಾನುವಾರ ಶೆಡ್ಡಿಗೆ ಬಂದು ಅರ ಹಿಡಿಯುವವಳು. ಪಾತ್ರೆಗಳೂ ಇದ್ದವಲ್ಲ, ಆಕೆ ಬೇಗಂ ಬಜಾರಿಗೆ ಹೋಗಿ, ಬಿಸಿಲಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಮುಂದಿನ ಭಾನುವಾರ ದರದ ಚೀಟಿಗಳನ್ನು ಮೇಜಿನ ಮೇಲೆ ಹರಡಿದಳು.

"ಕಡೆಯುವ ಯಂತ್ರ ಮೂರು ನಮೂನೆ ಉಂಟು ಮಾಷ್ಟ್ರೇ. ಎರಡು ಕಲ್ಲಿನದ್ದು ಒಂದು, ಮೂರು ಕಲ್ಲಿನದ್ದು ಒಂದು. ಬಗ್ಗಿಸಿ ಹಿಟ್ಟು ಸುರಿಯುವಂಥದ್ದು ಬೇಕಾದ್ರೆ ರೇಟು ಸ್ವಲ್ಪ ಜಾಸ್ತಿ."

"ಕಲ್ಲೇ?" ಎಂದೆ ನಾನು.

"ಕಲ್ಲಿಲ್ಲದೆ ಅಕ್ಕಿ ಕಡೆಯುವುದು ಹೇಗೆ ಮಾರಾಯ್ರೇ?"

ಆಗ ಹೊಳೆಯಿತು. ಅವಳ ಊರಿನಲ್ಲಿ ಕಡೆಯುವುದೆಂದರೆ ರುಬ್ಬುವುದು. ನಮ್ಮ ಅಡುಗೆಮನೆಯ ಹಳೆಯ ಗ್ರೈಂಡರಿನ ಬುಶ್, ಅಂದರೆ ಅಚ್ಚು ತಿರುಗುವ ಲೋಹದ ಬಳೆ, ಸವೆದು ಅದು ಗಡಗಡ ಎನ್ನುತ್ತಿದ್ದುದನ್ನು ಎಲ್ಲರೂ ಬಲ್ಲರು. ಪಟ್ಟಿಯಲ್ಲಿ ಕಡೆಯುವ ಯಂತ್ರ ಕಾವಲಿಯ ಪಕ್ಕದಲ್ಲಿಯೇ ಇತ್ತು. ಅವಳ ತಪ್ಪೇನೂ ಇರಲಿಲ್ಲ. ಉಸ್ತಾದರು ಮೇಜಿನ ಮೇಲಿನ ಚೀಟಿಯಲ್ಲಿದ್ದ ಗ್ರೈಂಡರಿನ ಚಿತ್ರವನ್ನು ಎತ್ತಿ ನೋಡಿ, ಕನ್ನಡಕ ಸರಿಮಾಡಿಕೊಂಡು, "ನಮ್ಮ ಕಡೆ ಮಜ್ಜಿಗಿ ಕಡೀತಾರ್ರಿ. ನಾ ಎಲ್ಲಿ ಕಡಗೋಲು ತರ್ತಾಳೋ ಅಂತ ಮಾಡಿದ್ದೆ. ಮಾಸ್ತರ್ರ, ಲೇತ್ ಅಂತ ಬರದಿದ್ರ ನಿಮ್ಮ ಕೈ ಸವೀತಿತ್ತೇನ್ರಿ?" ಎಂದರು.

ಶೆಡ್ಡು ನಕ್ಕಿತು. ನಾನೂ ನಕ್ಕೆ, ಆದರೆ ಬಿಸಿಲಲ್ಲಿ ಅಲೆದ ಆ ಹೆಣ್ಣುಮಗಳ ಮುಖವನ್ನು ನೋಡಲು ನಾಚಿಕೆಯಾಯಿತು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಚೀಟಿಗಳನ್ನು ಮಡಚಿ ಪಕ್ಕಕ್ಕಿಟ್ಟು, ತನ್ನ ಚೀಲದಿಂದ ಒಂದು ನೋಟುಪುಸ್ತಕ ತೆಗೆದಳು.

ಆ ನೋಟುಪುಸ್ತಕವನ್ನು ನೆನೆದರೆ ನನಗೆ ಇಂದಿಗೂ ಗೌರವ ಉಕ್ಕುತ್ತದೆ. ನಾವೆಲ್ಲ ಏನನ್ನು ಕೊಳ್ಳಬೇಕೆಂದು ವಾದಿಸುತ್ತಿದ್ದಾಗ ಅವಳೊಬ್ಬಳು, ಜನ ಏನನ್ನು ಮುರಿದುಕೊಂಡು ತರುತ್ತಾರೆಂದು ಮೂರು ತಿಂಗಳಿಂದ ಬರೆದಿಟ್ಟಿದ್ದಳು. ಮಿಕ್ಸಿಯ ಕೊಂಡಿ, ಪಂಖದ ಬುಶ್, ತಂಬೂರಿಯ ಬಿರಡೆ, ದೇವರ ಗಂಟೆಯ ನಾಲಿಗೆಯ ಮೊಳೆ, ತೊಟ್ಟಿಲಿನ ಗುಬುಟು, ಅಜ್ಜಿಯೊಬ್ಬರ ಊರುಗೋಲಿನ ನಡುಭಾಗ. ಪ್ರತಿಯೊಂದರ ಎದುರಿಗೂ ಅದರ ಉದ್ದ, ಅದರ ದಪ್ಪ.

"ಮೇಜಿನ ಮೇಲೆ ಇಡುವ ಹೊಸ ಸಣ್ಣ ಲೇತು ನಮ್ಮ ದುಡ್ಡಿಗೆ ಬರ್ತದೆ. ಚಂದವೂ ಉಂಟು. ಆದರೆ ಊರುಗೋಲು ಅದರಲ್ಲಿ ಹಿಡಿಸುವುದಿಲ್ಲ. ಪಂಖದ ಬುಶ್ಶಿಗೆ ಉಕ್ಕು ಕೆತ್ತಲಿಕ್ಕೆ ಹೋದರೆ ಅದೇ ನಡುಗ್ತದೆ. ದೊಡ್ಡದು ಹೊಸದು ನಮ್ಮ ಕೈಗೆ ಎಟುಕುವುದಿಲ್ಲ. ಉಳಿದದ್ದು ಬಾಲಾನಗರದ ಹಳೆಯದು."

ಒಬ್ಬರು ಆಕ್ಷೇಪಿಸಿದರು. "ಹಳೇದು ಅಂದ್ರೆ ಒಳಗೆ ಏನಿದೆಯೋ ಯಾರಿಗೆ ಗೊತ್ತು?"

"ಉಸ್ತಾದರಿಗೆ ಗೊತ್ತಲ್ಲ," ಎಂದಳು ಅವಳು. ಅದು ನಿಜವೇ ಆಗಿತ್ತು. ಉಸ್ತಾದರು ಒಂದು ಮರದ ಕಡ್ಡಿಯ ತುದಿಯನ್ನು ಓಡುತ್ತಿರುವ ಯಂತ್ರದ ಬೇರಿಂಗಿನ ಮೇಲೆ, ಅಂದರೆ ಅದರ ತಿರುಗುವ ದಂಡವನ್ನು ಹೊತ್ತ ಗುಂಡುಗಳ ಗೂಡಿನ ಮೇಲೆ ಇಟ್ಟು, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ, ಬಿಚ್ಚದೆಯೇ ಒಳಗಿನ ಸ್ಥಿತಿಯನ್ನು ಹೇಳುತ್ತಿದ್ದರೆಂದು ಬಾಲಾನಗರದಲ್ಲೆಲ್ಲ ಹೆಸರು.

ಉಸ್ತಾದರು ನೋಟುಪುಸ್ತಕವನ್ನು ಮುಚ್ಚಿ ಅವಳ ಕಡೆಗೆ ಸರಿಸಿದರು. ಆಮೇಲೆ, "ಹೋಗ್ತೀನಿ. ಆದ್ರ ಮಾಸ್ತರು ನನ್ನ ಜೋಡಿ ಬರಬೇಕು," ಎಂದರು.

"ಮೇಷ್ಟ್ರು ಅಲ್ಲಿ ಏನು ಮಾಡ್ತಾರೆ?" ಎಂದರು ಆಕ್ಷೇಪಿಸಿದವರು.

"ಶುದ್ಧ ಕನ್ನಡದಾಗ ಚೌಕಾಶಿ ಮಾಡ್ತಾರ. ತಿಳೀಲಾರ್ದ ಅಂಗಡ್ಯಾವ ತಾನ ರೇಟ್ ಇಳಸ್ತಾನ."

ಮತ್ತೆ ನಗು. ರುಬ್ಬುವ ಕಲ್ಲಿನ ಪ್ರಾಯಶ್ಚಿತ್ತವೆಂದು ಭಾವಿಸಿ ನಾನು ಒಪ್ಪಿಕೊಂಡೆ.

ಮರುದಿನ ಬೆಳಗ್ಗೆ ಬಾಲಾನಗರದ ದಾರಿಯಲ್ಲಿ ಬಸ್ಸು ಬದಲಿಸಲು ಇಳಿದೆವು. ರಸ್ತೆ ದಾಟುವಾಗ ಉಸ್ತಾದರು ಎರಡು ಹೆಜ್ಜೆ ಮುಂದಿದ್ದರು. ಬಲಗಡೆಯಿಂದ ಒಂದು ಬಸ್ಸು ಹಾರ್ನ್ ಹೊಡೆಯುತ್ತಲೇ ಬಂತು. ಅವರು ತಿರುಗಿಯೂ ನೋಡಲಿಲ್ಲ. ನಾನು ಓಡಿ ಅವರ ಅಂಗಿಯನ್ನು ಹಿಡಿದೆಳೆದೆ. ಬಸ್ಸು ನಮ್ಮ ಪಂಚೆಗಳನ್ನು ಹಾರಿಸುತ್ತ ದಾಟಿಹೋಯಿತು. ಚಾಲಕ ತೆಲುಗಿನಲ್ಲಿ ಏನೋ ಬೈದದ್ದು ನನಗೊಬ್ಬನಿಗೇ ಕೇಳಿಸಿತು.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತೆವು. ಅವರು ನನ್ನನ್ನು ತಮ್ಮ ಎಡಕ್ಕೆ ಕೂರಿಸಿಕೊಂಡರು.

"ಮಾಸ್ತರ್ರ, ಆ ಹಾರ್ನ್ ನನಗ ಕೇಳಿಸಲಿಲ್ರಿ."

"ಈ ಗದ್ದಲದಲ್ಲಿ ಯಾರಿಗೆ ಕೇಳಿಸೀತು?"

"ಗದ್ದಲದ ಮಾತಲ್ಲ. ಬಲಗಿವಿ ಪೂರಾ ಹೋಗೈತಿ. ಎಡಗಿವ್ಯಾಗ ಗುಡುಗು ಕೇಳ್ತೈತಿ, ಗುಬ್ಬಿ ಕೇಳಂಗಿಲ್ಲ. ಬೇರಿಂಗ್ ಅಂದ್ರ ಗುಬ್ಬೀನ ಅಲ್ಲೇನ್ರಿ?"

"ಎಂದಿನಿಂದ?"

"ಎರಡು ದೀಪಾವಳಿ ಆದುವು. ಮೊದಲನೇ ದೀಪಾವಳ್ಯಾಗ, ಈ ವರ್ಷ ಪಟಾಕಿ ಗದ್ದಲ ಕಡಿಮಿ ಆಗೈತಿ ಅಂತ ಖುಷಿಪಟ್ಟೆ. ಆಮ್ಯಾಲೆ ನೋಡಿದ್ರ ಪಟಾಕಿ ಅಷ್ಟ ಐತಿ, ಕಡಿಮಿ ಆಗಿದ್ದು ನಾನು."

ಅವರು ನಕ್ಕರು, ನನಗೆ ನಗಲಾಗಲಿಲ್ಲ. "ಸಭೆಯಲ್ಲಿಯೇ ಹೇಳಬಹುದಿತ್ತಲ್ಲ?" ಎಂದೆ.

"ಹೆಂಗ ಹೇಳ್ಲಿ? ಗ್ವಾಡಿ ಮ್ಯಾಲೆ ನೀವ ಬರದೀರಲ್ರಿ." ಅವರು ನನ್ನ ಹಲಗೆಯ ವಾಕ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರು. "ಆ ಪಾಟವ ಅಂದ್ರ ಏನವ್ವಾ ಅಂತ ಆ ಇಂಜಿನಿಯರ್ ತಂಗೀನ ಕೇಳಿದೆ. ಗೊತ್ತಿಲ್ಲ ಅಂದ್ಲು. ಕಡೀಕ ಮೊಮ್ಮಗಳ ನಿಘಂಟಿನ್ಯಾಗ ಹುಡುಕಿ ತಿಳ್ಕೊಂಡೆ. ತಿಳದ ಮ್ಯಾಲೆ, ಇದು ನನಗ ಬರದಂಗ ಐತಿ ಅನಿಸ್ತು. ಕೀಲಿಕೈ ಕೊಡು ಅಂದ್ರ ಕೊಟ್ಟೇನು. ಆದ್ರ ಭಾನುವಾರ ನಾ ಎಲ್ಲಿಗಿ ಹೋಗ್ಲಿ, ಹೇಳ್ರಿ?"

ಅಷ್ಟು ದೊಡ್ಡ ಸಮಾಸವನ್ನು ಕಟ್ಟುವಾಗ ಅದು ಯಾರ ಮೇಲೆ ಬಿದ್ದೀತೆಂದು ನಾನು ಯೋಚಿಸಿರಲೇ ಇಲ್ಲ.

"ನಿಮ್ಮ ಕಿವಿ ನನಗ ಗೊತ್ತೈತಿ," ಎಂದರು ಅವರು ಮುಂದುವರಿದು. "ನನ್ನ ಕಿವಿ ಚಲೋ ಇದ್ದ ಕಾಲಕ್ಕ ಭಜನಿಗೆ ಕುಂತಾಗ, ಈ ಪಂಖ ಹಾರ್ಮೋನಿಯಂಗಿಂತ ಅರ್ಧ ಸ್ವರ ಕೆಳಗೈತಿ ಅಂತ ಗೊಣಗಿದ್ರಿ. ನಾ ಹೋಗಿ ಪಂಖ ಬಿಚ್ಚಿ ನೋಡಿದೆ. ಬುಶ್ ಸವದಿತ್ತು. ಅವತ್ತ ಅಂದ್ಕೊಂಡೆ, ಇದು ಪಳಗಿದ ಕಿವಿ ಅಂತ. ಇವತ್ತೊಂದು ದಿನ ನನ್ನ ಕಿವಿ ನೀವಾಗ್ರಿ. ಹೊರಗ ಹೇಳಬ್ಯಾಡ್ರಿ."

ಧರ್ಮಸಂಕಟವೆಂಬ ಮಾತನ್ನು ಜೀವಮಾನವೆಲ್ಲ ಪಾಠ ಹೇಳಿದವನಿಗೆ ಅದು ಕಲ್ಲುಬೆಂಚಿನ ಮೇಲೆ ಎದುರಾಯಿತು. ಮರೆಮಾಚಿ ಕೆಟ್ಟ ಯಂತ್ರ ತಂದರೆ ನಂಬಿದ ಸಂಘಕ್ಕೆ ದ್ರೋಹ. ಹೇಳಿಬಿಟ್ಟರೆ ಈ ಹಿರಿಯರ ಭಾನುವಾರವನ್ನು ಕಿತ್ತುಕೊಂಡಂತೆ. "ಸುಳ್ಳು ಹೇಳಲಾರೆ ಉಸ್ತಾದರೇ. ಆದರೆ ನಾನಾಗಿ ಬಾಯಿ ಬಿಡುವುದಿಲ್ಲ," ಎಂದೆ. ಅವರು ತಲೆದೂಗಿ, ತಮ್ಮ ಮರದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು. ವರ್ಷಗಟ್ಟಲೆ ಕಿವಿಗೆ ಒತ್ತಿಕೊಂಡು ಅದರ ತುದಿ ನುಣುಪಾಗಿತ್ತು.

ಬಾಲಾನಗರದ ಅಂಗಡಿಯ ಶೆಡ್ಡಿನಲ್ಲಿ ನಮ್ಮ ಮಿತಿಗೆ ಬರುವಂಥ ಎರಡು ಲೇತುಗಳಿದ್ದವು. ಒಂದಕ್ಕೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ಇನ್ನೊಂದು ಎಣ್ಣೆಜಿಡ್ಡಿನಿಂದ ಕಪ್ಪಾಗಿತ್ತು. ಮೋಟಾರಿನಿಂದ ಅದಕ್ಕೆ ಒಂದು ಅಗಲವಾದ ಪಟ್ಟಾ, ಅಂದರೆ ತೊಗಲಿನ ಬೆಲ್ಟು, ಹಾಯ್ದುಬಂದಿತ್ತು. ಮಾರುವವನು ಹಸಿರನ್ನು ಓಡಿಸಿ, ಅಂಗೈಯಿಂದ ಅದರ ಬೆನ್ನು ತಟ್ಟಿ, "ಮಖ್ಖನ್ ಹೈ ಸಾಬ್, ಮಖ್ಖನ್," ಎಂದ. ಬೆಣ್ಣೆಯಂತೆ ಓಡುತ್ತದೆಂದು ಅವನ ಮಾತು. ಕಡೆಯುವ ಯಂತ್ರದಿಂದ ಬೆಣ್ಣೆಯ ಪ್ರಸ್ತಾಪ ಬಂದದ್ದು ಕೇಳಿ ನನಗೆ ಒಳಗೊಳಗೇ ನಗು ಬಂತು.

ನಾನು ಕಡ್ಡಿಯನ್ನು ಇಟ್ಟು ಆಲಿಸಿದೆ. ಷಡ್ಜದಂತೆ ನಿಂತ ಮೃದುವಾದ ನಾದ, ಎಲ್ಲೂ ಕದಲಿಕೆಯಿಲ್ಲ. ಉಸ್ತಾದರ ಎಡಗಿವಿಗೆ ಬಾಯಿಟ್ಟು ಹಾಗೆಂದೇ ಹೇಳಿದೆ. ಕಪ್ಪು ಯಂತ್ರ ಓಡಿದಾಗ ಮಾತ್ರ ನಾದದ ನಡುವೆ ಟಕ್, ಟಕ್ ಎಂದು ಒಂದು ಪೆಟ್ಟು ಕೇಳಿಸಿತು. "ಇದರಲ್ಲಿ ದೋಷವಿದೆ. ಹಸಿರೇ ಲೇಸು," ಎಂದೆ, ಬಹಳ ಆತ್ಮವಿಶ್ವಾಸದಿಂದ.

ಉಸ್ತಾದರು ಅವಸರಪಡಲಿಲ್ಲ. "ಆ ಟಕ್ ಅನ್ನೋದು ಯಾವಾಗ ಬರ್ತೈತಿ, ತಾಳ ಹಾಕ್ರಿ. ನೀವು ಕಣ್ಣು ಮುಚ್ರಿ, ನಾ ತೆರೀತೀನಿ."

ನಾನು ಕಣ್ಣು ಮುಚ್ಚಿ, ಪೆಟ್ಟು ಕೇಳಿಸಿದಾಗಲೆಲ್ಲ ಚಪ್ಪಾಳೆ ತಟ್ಟತೊಡಗಿದೆ. ಆಮೇಲೆ ಅವರು ಹೇಳಿದರು: ಅವರ ಒಂದು ಕಣ್ಣು ನನ್ನ ಕೈಗಳ ಮೇಲೆ, ಇನ್ನೊಂದು ಓಡುವ ಪಟ್ಟಾದ ಮೇಲಿತ್ತಂತೆ. ಪಟ್ಟಾದ ಎರಡು ತುದಿಗಳನ್ನು ಕೂಡಿಸಿ ಹೊಲಿದ ಜಾಗ ಒಂದಿರುತ್ತದೆ. ಆ ಹೊಲಿಗೆ ಸುತ್ತಿ ಬಂದು ಚಕ್ರವನ್ನು ಹತ್ತುವ ಕ್ಷಣಕ್ಕೂ ನನ್ನ ಚಪ್ಪಾಳೆಗೂ ಕೂದಲೆಳೆಯ ಅಂತರವಿರಲಿಲ್ಲ.

ಅಂಗಡಿಯವನು ನಮ್ಮಿಬ್ಬರನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡ. "ಕ್ಯಾ ಸಾಬ್, ಮಶೀನ್ ಕೂ ಭಜನ್ ಸುನಾರೈಂ ಕ್ಯಾ?" ಯಂತ್ರಕ್ಕೆ ಭಜನೆ ಕೇಳಿಸುತ್ತಿದ್ದೀರಾ ಎಂದು ಅವನ ಪ್ರಶ್ನೆ.

"ಹೌ ಮಿಯಾ, ತುಮ್ ಭೀ ಬೈಠೋ," ಎಂದರು ಉಸ್ತಾದರು, ನೀನೂ ಭಜನೆಗೆ ಕೂಡು ಎಂಬಂತೆ ನೆಲ ತೋರಿಸಿ. ನನ್ನ ಕಡೆ ತಿರುಗಿ, "ಬೇರಿಂಗ್ ಅಲ್ರಿ. ಪಟ್ಟಾದ ಹೊಲಿಗಿ ದಪ್ಪ ಐತಿ, ಅದು ತಟ್ಟಾಕತ್ತೈತಿ. ಹೊಸ ಪಟ್ಟಾ ಹಾಕಿದ್ರ ಮುಗೀತು. ಈಗ ಹಸಿರಿನ್ನ ಅರ್ಧ ತಾಸು ಬಿಡ್ರಿ, ಓಡ್ಲಿ," ಎಂದರು.

"ಅದು ಚೆನ್ನಾಗಿದೆ ಎಂದೆನಲ್ಲ?"

"ಭಾಳ ಚಲೋ ಐತಿ ಅಂದ್ರಿ. ಅದಕ್ಕ ಅನುಮಾನ. ಇಷ್ಟು ವಯಸ್ಸಾದ ಮಶಿನ್ನು ಏನೂ ಮಾತಾಡಂಗಿಲ್ಲ ಅಂದ್ರ ಬಾಯಾಗ ಏನೋ ತುಂಬ್ಯಾರ."

ಅರ್ಧ ಗಂಟೆ ಹಸಿರು ಯಂತ್ರ ಓಡಿತು. ಉಸ್ತಾದರು ಆಗಾಗ ಅದರ ತಲೆಯ ಭಾಗಕ್ಕೆ, ಜ್ವರ ಬಂದ ಮಗುವಿನ ಹಣೆ ನೋಡುವಂತೆ, ಅಂಗೈಯ ಹಿಂಭಾಗವನ್ನು ತಾಗಿಸುತ್ತಿದ್ದರು. ಆಮೇಲೆ ನನಗೆ ಸನ್ನೆ ಮಾಡಿದರು. ಕಡ್ಡಿಯಿಟ್ಟೆ. ಮೊದಲಿನ ಷಡ್ಜ ಎಲ್ಲಿ ಹೋಯಿತೋ! ಅದರ ಜಾಗದಲ್ಲಿ ಹಲ್ಲಿನ ನಡುವೆ ಮರಳು ಸಿಕ್ಕಂಥ ಸದ್ದು. ಒಳಗೆ ದಪ್ಪ ಗ್ರೀಸನ್ನು ತುಂಬಿ ಸವೆದ ಬೇರಿಂಗಿನ ಬಾಯಿ ಮುಚ್ಚಿಸಿದ್ದರು. ಬಿಸಿಯೇರಿ ಗ್ರೀಸು ಕರಗಿದಾಗ ಅದು ಮಾತಾಡಿತು. ಕಪ್ಪು ಯಂತ್ರವನ್ನೂ ಅಷ್ಟೇ ಹೊತ್ತು ಓಡಿಸಿದೆವು. ಪಟ್ಟಾದ ತಾಳವೊಂದನ್ನು ಬಿಟ್ಟರೆ ಅದರ ನಾದ ಮೊದಲಿದ್ದಂತೆಯೇ ಇತ್ತು.

ಕಿವಿ ನನ್ನದು, ನಿಜ. ಆದರೆ ನನ್ನ ಕಿವಿಯನ್ನೇ ನಂಬಿದ್ದರೆ ನಾವು ಹಸಿರನ್ನು ಹೊತ್ತು ತಂದಿರುತ್ತಿದ್ದೆವು. ಕೇಳಿಸದವರು ಕೇಳಬೇಕಾದದ್ದನ್ನು ಬಲ್ಲವರಾಗಿದ್ದರು. ಆ ಕ್ಷಣದಲ್ಲಿ ನಾನು ಆ ಶೆಡ್ಡಿನ ಎಣ್ಣೆಯ ನೆಲದ ಮೇಲೆ ನನ್ನ ಗುರುಗಳನ್ನು ನೆನೆದು ಕೈಮುಗಿದೆ. ಯಂತ್ರಕ್ಕೆ ಮುಗಿದೆನೆಂದು ತಿಳಿದ ಅಂಗಡಿಯವನು ಚಹಾ ತರಿಸಿದ. ಬೆಲೆ ಇಳಿಸುವ ಮಾತು ಬಂದಾಗ ಅವನು ನಗುತ್ತ, ಕಪ್ಪು ಯಂತ್ರದ ಜೊತೆ ಒಂದು ಹೊಸ ಪಟ್ಟಾವನ್ನು ತಾನೇ ಸೇರಿಸಿದ.

ಮುಂದಿನ ಭಾನುವಾರ ಲಾರಿಯಿಂದ ಯಂತ್ರ ಇಳಿಯಿತು. ಹತ್ತು ಹನ್ನೆರಡು ಜನ ಸೇರಿ ಕೊಳವೆಗಳ ಮೇಲೆ ಉರುಳಿಸಿ ಅದನ್ನು ನೆಲೆಗೆ ತಂದರು. ಕುಂದಾಪುರದ ಆ ಹೆಣ್ಣುಮಗಳು ಅದರ ಜಿಡ್ಡನ್ನು ಒರೆಸುತ್ತ, ಮೊನ್ನೆ ಆಕ್ಷೇಪಿಸಿದ್ದವರ ಸಮಾಧಾನಕ್ಕೆಂದು ಎಲ್ಲರೂ ಕೇಳುವಂತೆ ಕೇಳಿದಳು. "ಉಸ್ತಾದ್ರೇ, ನೀವೇ ಕಿವಿಯಿಟ್ಟು ಕೇಳಿದ್ದಲ್ವಾ?"

ನಾನು ನೆಲ ನೋಡಿದೆ. ನಾನಾಗಿ ಬಾಯಿ ಬಿಡೆನೆಂದು ಮಾತು ಕೊಟ್ಟಿದ್ದೆ. ಸುಳ್ಳು ಹೇಳೆನೆಂದೂ ಹೇಳಿದ್ದೆ. ಉಸ್ತಾದರು ಒಮ್ಮೆ ನನ್ನನ್ನು ನೋಡಿದರು. ನನ್ನ ಸಂಕಟ ಅವರಿಗೆ ಕಂಡಿರಬೇಕು. ಬನಿಯನ್ನಿನ ಜೇಬಿಗೆ ಕೈಹಾಕಿ ಬೀಗದ ಕೈಯನ್ನು ತೆಗೆದು ಯಂತ್ರದ ಮೇಲಿಟ್ಟರು.

"ನಾ ಕೇಳಿದೆ ಅಂದ್ರ ಸುಳ್ಳಾಕ್ಕೈತವ್ವಾ. ಕೇಳಿದವ್ರು ಮಾಸ್ತರು. ನನ್ನ ಕಿವಿ ಹೋಗಿ ಎರಡು ವರ್ಷ ಆತು. ಮುಚ್ಚಿಟ್ಟಿದ್ದು ತಪ್ಪು. ಹಲಗಿ ಮ್ಯಾಲೆ ಬರದೈತಿ, ನಿಯಮ ಅಂದ್ರ ನಿಯಮ. ತಗೋರಿ."

ಯಾರೂ ಕೀಲಿಕೈ ಮುಟ್ಟಲಿಲ್ಲ. ಆ ತರುಣಿ ಒರೆಸುವ ಬಟ್ಟೆಯನ್ನು ಕೆಳಗಿಟ್ಟು, ಸುತ್ತಿ ಬಂದು ಅವರ ಎಡಗಡೆ ನಿಂತಳು. ಆಗಲೇ ನನ್ನ ಗಮನಕ್ಕೆ ಬಂದದ್ದು: ಅವಳು ಯಾವಾಗಲೂ ಅವರ ಎಡಗಡೆಯೇ ನಿಲ್ಲುತ್ತಿದ್ದಳು.

"ನಮಗೆ ಗೊತ್ತಿತ್ತು ಉಸ್ತಾದ್ರೇ."

"ಏನು?"

"ಗೊತ್ತಿತ್ತು ಅಂದೆ," ಎಂದಳು ಗಟ್ಟಿಯಾಗಿ. "ಬಾಗಿಲ ಗಂಟೆ ಕೆಟ್ಟಿದೆ ಅಂತ ಹೇಳಿ ಕೆಂಪು ಬಲ್ಬು ಹಾಕಿದ್ದು ಯಾಕೆ ಅಂದ್ಕೊಂಡ್ರಿ? ಗಂಟೆಗೆ ಎಂತದೂ ಆಗಿರ್ಲಿಲ್ಲ. ನಿಮ್ಮನ್ನು ಕರೆಯಬೇಕಾದರೆ ಎಲ್ಲರೂ ಮೇಜು ಕುಟ್ಟುವುದು ಯಾಕೆ? ನೀವು ಲೇತಿನ ಮುಂದೆ ನಿಂತಾಗೆಲ್ಲ ನಮ್ಮಲ್ಲಿ ಒಬ್ಬರು ಪಕ್ಕದಲ್ಲಿ ಇರ್ತಿದ್ದೆವಲ್ಲ, ಸ್ವಿಚ್ಚಿಗೆ ಕೈ ಎಟುಕುವ ಹಾಗೆ?"

"ಕಲಿಯಾಕ ನಿಂತೀರಿ ಅಂತ ಮಾಡಿದ್ದೆ."

"ಕಲಿಯಲಿಕ್ಕೂ ನಿಂತದ್ದೇ. ಕಿವಿ ಇಲ್ಲದಿದ್ದರೂ ನಿಮ್ಮ ಕೈಗೆ ಯಂತ್ರ ತಿಳೀತದೆ ಅಂತಲೇ ನಿಮ್ಮನ್ನು ಕಳಿಸಿದ್ದು, ನಿಮ್ಮ ಹೆಸರು ಉಳಿಯಲಿ ಅಂತಲೇ ಈಗ ಹಾಗೆ ಕೇಳಿದ್ದು."

ಉಸ್ತಾದರು ಸುತ್ತಲೂ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ನಿಧಾನವಾಗಿ, "ಹಂಗಾರ ಆ ಪಾಟವ ಅಂದ್ರ ಏನಂತ ಕೇಳಿದಾಗ ಗೊತ್ತಿಲ್ಲ ಅಂದ್ಯಲ್ಲವ್ವಾ?"

ಅವಳು ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. "ಗೊತ್ತಿತ್ತು. ನಿಮಗೆ ಹೇಳಲಿಕ್ಕೆ ಮನಸ್ಸು ಬರ್ಲಿಲ್ಲ."

ಶೆಡ್ಡಿನಲ್ಲಿದ್ದ ಎಲ್ಲರಿಗೂ ತಿಳಿದಿದ್ದುದು, ಅರ್ಧ ಸ್ವರದ ವ್ಯತ್ಯಾಸ ಹಿಡಿಯುವ ಕಿವಿಯುಳ್ಳ ನನಗೊಬ್ಬನಿಗೆ ತಿಳಿದಿರಲಿಲ್ಲ. ನಾನು ಹೋಗಿ ಹಲಗೆಯನ್ನು ಮೊಳೆಯಿಂದ ಇಳಿಸಿದೆ. ಬಣ್ಣ ಬಿಡಿಸುವ ಎಣ್ಣೆಯಲ್ಲಿ ಬಟ್ಟೆಯದ್ದಿ ನನ್ನ ಸಮಾಸವನ್ನು ನಾನೇ ಒರೆಸಿದೆ. ಒರೆಸುವಾಗ ಎಳ್ಳಷ್ಟೂ ನೋವಾಗಲಿಲ್ಲ. ಏನು ಬರೆಯಬೇಕೆಂದು ಎಲ್ಲರನ್ನೂ ಕೇಳಿದೆ. ಹಿಂದೆ ಹಾಗೆ ಕೇಳಿದವನಲ್ಲ. ಯಂತ್ರದ ಬಳಿ ಕಿವಿ ಬೇಕೇ ಬೇಕು, ಅದರಲ್ಲಿ ಸಡಿಲವಿಲ್ಲ ಎಂದು ಉಸ್ತಾದರೇ ಪಟ್ಟುಹಿಡಿದರು. ಆದರೆ ಕಿವಿ ಅವರದೇ ಆಗಬೇಕೆಂದೇನಿದೆ ಎಂದು ಆ ಹೆಣ್ಣುಮಗಳು ಕೇಳಿದಳು. ಕೊನೆಗೆ ನಾನು ಬರೆದದ್ದು ಇಷ್ಟು: ‘ಯಾರೂ ಒಬ್ಬರೇ ಲೇತ್ ನಡೆಸಬಾರದು. ಇಬ್ಬರಿರಬೇಕು.’

"ಲೇತ್ ಅಂತಲೇ ಬರೆದದ್ದು ಒಳ್ಳೇದಾಯ್ತು ಮಾಷ್ಟ್ರೇ. ಇಲ್ಲದಿದ್ದರೆ ಯಾರಾದರೂ ನೆನೆಸಿದ ಅಕ್ಕಿ ತಂದು ಸುರಿದಾರು."

ಬೀಗದ ಕೈ ಉಸ್ತಾದರ ಜೇಬಿಗೆ ಮರಳಿತು. ಅದನ್ನು ಎತ್ತಿ ಅವರ ಕೈಗಿಟ್ಟವರು ಮೊನ್ನೆ ಆಕ್ಷೇಪಿಸಿದ್ದ ಮಹನೀಯರೇ.

ಹೊಸ ಪಟ್ಟಾ ಹಾಕಿದ ಮೇಲೆ, ದಾಸವಾಳವೊಂದನ್ನಿಟ್ಟು, ಮೊದಲ ಕೆಲಸ ಯಾವುದೆಂದು ಕೇಳಿದರು. ಅಡುಗೆಮನೆಯ ಗಡಗಡ ಎನ್ನುವ ಗ್ರೈಂಡರನ್ನು ಇಬ್ಬರು ಹೊತ್ತು ತಂದರು. ಉಸ್ತಾದರು ಹಿತ್ತಾಳೆಯ ತುಂಡೊಂದನ್ನು ಹಿಡಿಸಿ ಉಳಿಯನ್ನು ಒತ್ತಿದರು. ಆ ತರುಣಿ ಅವರ ಎಡಕ್ಕೆ ನಿಂತು, ಸದ್ದು ಬಿಗಿಯಾದಾಗ ಅವರ ಭುಜವನ್ನು ಒಂದು ಬೆರಳಿನಿಂದ ತಟ್ಟುತ್ತಿದ್ದಳು. ಅವರು ಉಳಿಯನ್ನು ಕೂದಲೆಳೆಯಷ್ಟು ಹಿಂದೆ ಸರಿಸುತ್ತಿದ್ದರು. ಚಿನ್ನದ ಎಳೆಗಳಂತೆ ಹಿತ್ತಾಳೆ ಸುರುಳಿಸುರುಳಿಯಾಗಿ ಬಿತ್ತು. ಹೊಸ ಬುಶ್ ಕುಳಿತಿತು. ಹೀಗೆ ನನ್ನ ಕಡೆಯುವ ಯಂತ್ರವು ಅವಳ ಕಡೆಯುವ ಯಂತ್ರವನ್ನು ರಿಪೇರಿ ಮಾಡಿತು. ಅದೇ ದಿನ ಅದರಲ್ಲಿ ಅಕ್ಕಿ ಕಡೆದರು. ಸದ್ದಿಲ್ಲದೆ ತಿರುಗುವ ಕಲ್ಲಿನ ಮೇಲೆ ಉಸ್ತಾದರು ಅಂಗೈಯಿಟ್ಟು, ಕಣ್ಣು ಮುಚ್ಚಿ, ನಾನು ತಂಬೂರಿಯನ್ನು ಕೇಳುವಂತೆ ಕೇಳಿದರು.

ಆ ಕಪ್ಪು ಯಂತ್ರ ನೆಲೆಗೊಳ್ಳಲು ಹೆಗಲು ಕೊಟ್ಟವರೆಲ್ಲ ಚೆನ್ನಾಗಿರಲಿ. ಜಾಗ ಬಿಟ್ಟುಕೊಟ್ಟವರ ಮನೆಯಲ್ಲಿ ಎಂದಿಗೂ ದೀಪವಾರದಿರಲಿ. ಬಿಸಿಲಲ್ಲಿ ಅಲೆದು ಕಲ್ಲಿನ ದರ ತಂದವಳಿಗೆ, ತಿಳಿದೂ ತಿಳಿಯದೆಂದ ಆ ಮಗಳಿಗೆ, ಅವಳು ನಿಂತ ಕಡೆಯೆಲ್ಲ ಒಳಿತಾಗಲಿ. ಮೇಜು ಕುಟ್ಟಿದ ಕೈಗಳು ನೋಯದಿರಲಿ. ನಮ್ಮ ಭಜನೆಗೆ ಚಹಾ ತರಿಸಿದ ಅಂಗಡಿಯವನ ವ್ಯಾಪಾರ ಬೆಳೆಯಲಿ, ಅವನ ಯಂತ್ರಗಳು ಗ್ರೀಸಿನ ಹಂಗಿಲ್ಲದೆ ಹಾಡಲಿ. ಬಸ್ಸಿನಿಂದ ಬೈದ ಚಾಲಕನೂ ಸುಖವಾಗಿರಲಿ. ಅವನು ಹಾರ್ನ್ ಹೊಡೆಯದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನ್ನ ಉಸ್ತಾದರಿಗೆ ಭಾನುವಾರಗಳು ಅಕ್ಷಯವಾಗಲಿ, ಅವರ ಎಡಗಡೆ ಎಂದೂ ಯಾರಾದರೊಬ್ಬರು ನಿಂತಿರಲಿ.